ಪಾಠಶಾಲೆಯ ಪ್ರಾರ್ಥನೆಯೂ ಪೋಷಕರ ಸಮ್ಮತಿಯೂ

ಬೇಸಗೆಯ ರಜೆ ಮುಗಿದು ಪಾಠಶಾಲೆಗಳ ಬಾಗಿಲು ತೆರೆಯುವ ಕಾಲ ಬಂದಿತೆಂದರೆ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಮೊದಲಾಗುವುದು. ಪುಸ್ತಕಗಳಿಗೆ ಹೊದಿಕೆ ಹಾಕುವುದು, ಅಣ್ಣನಿಗೆ ಗಿಡ್ಡವಾದ ಅಂಗಿಯನ್ನು ತಮ್ಮನಿಗೆ ದಾಟಿಸುವುದು, ಶುಲ್ಕದ ಹಣವನ್ನು ಎಣಿಸಿಡುವುದು, ಪ್ರವೇಶಪತ್ರದಲ್ಲಿ ಹುಟ್ಟಿದ ದಿನ, ಜಾತಿ, ತಂದೆಯ ಉದ್ಯೋಗ ಮುಂತಾದುವನ್ನು ತುಂಬಿ ರುಜು ಮಾಡುವುದು, ಇವೆಲ್ಲ ಚಿರಪರಿಚಿತವಾದ ಕೆಲಸಗಳೇ. ಆ ಪತ್ರದಲ್ಲಿ ಹತ್ತಾರು ಸಂಗತಿಗಳನ್ನು ಕೇಳಿರುತ್ತಾರೆ. ಆದರೆ ಕೇಳಲೇಬೇಕಾದ ಒಂದು ಸಂಗತಿಯನ್ನು ಮಾತ್ರ ಸಾಮಾನ್ಯವಾಗಿ ಕೇಳುವುದಿಲ್ಲ; ಪೋಷಕರೂ ತಾವಾಗಿ ಅದನ್ನು ಎತ್ತುವುದಿಲ್ಲ. ಶಾಲೆಯಲ್ಲಿ ನಡೆಯುವ ಪ್ರಾರ್ಥನೆಯಲ್ಲಿ ಅಥವಾ ಪೂಜೆಯಲ್ಲಿ ತಮ್ಮ ಮಗು ಸೇರುವುದಕ್ಕೆ ಅವರ ಸಮ್ಮತಿಯುಂಟೋ ಇಲ್ಲವೋ ಎಂಬುದೇ ಆ ಸಂಗತಿ. ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇಷ್ಟನ್ನು ಓದಿದೊಡನೆಯೇ ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ದೇವರ ಹೆಸರು ಹೇಳುವುದಕ್ಕೂ ರುಜು ಬೇಕೆ? ಪ್ರಾರ್ಥನೆಯಿಂದ ಕೆಟ್ಟ ಮಕ್ಕಳನ್ನು ಯಾರಾದರೂ ಕಂಡದ್ದುಂಟೆ? ಎಂದು ಅವರು ಕೇಳಬಹುದು. ಕೇಳುವುದು ನ್ಯಾಯವೇ. ನಾವು ಪ್ರಾರ್ಥನೆಯ ದ್ವೇಷಿಗಳಲ್ಲ. ಮುಂಜಾವಿನಲ್ಲಿ ಮೋರೆ ತೊಳೆದು ದೀಪದೆದುರು ಕೈಜೋಡಿಸಿ ನಿಂತ ಮಗುವಾಗಲಿ, ತಂದೆಯ ಬದಿಯಲ್ಲಿ ನಮಾಜಿಗೆ ನಿಂತ ಮಗುವಾಗಲಿ, ಊಟಕ್ಕೆ ಮೊದಲು ತಲೆಬಾಗಿಸಿ ಕೃತಜ್ಞತೆಯನ್ನು ಹೇಳುವ ಮಗುವಾಗಲಿ, ಅವರ ಮುಖದಲ್ಲಿ ಆ ಗಳಿಗೆಯಲ್ಲಿ ಕಾಣುವ ನೆಮ್ಮದಿಯು ಬೆಲೆಯುಳ್ಳದ್ದೆಂಬುದನ್ನು ಬಲ್ಲೆವು. ಆದರೆ ಪ್ರಾರ್ಥನೆ ಬೇರೆ, ಪ್ರಾರ್ಥನೆಯ ಆಜ್ಞೆ ಬೇರೆ. ಮೊದಲನೆಯದು ಮನಸ್ಸಿನಿಂದ ಹೊರಡುವುದು. ಎರಡನೆಯದು ಗಂಟೆಯ ಸದ್ದಿನಿಂದ ಹೊರಡುವುದು. ಇವೆರಡನ್ನೂ ಒಂದೆಂದು ಎಣಿಸುವುದರಿಂದಲೇ ಈ ವಿಷಯದಲ್ಲಿ ಬಹಳಷ್ಟು ಗೊಂದಲವುಂಟಾಗಿದೆ.

ಸರಕಾರದ ಶಾಲೆಯೊಂದರ ಅಂಗಳವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ವೈಷ್ಣವರ ಹುಡುಗ, ಲಿಂಗಾಯತರ ಹುಡುಗಿ, ಜೈನರವನು, ಮುಸಲ್ಮಾನರವಳು, ಕ್ರೈಸ್ತರವನು, ದೇವರನ್ನೇ ಒಪ್ಪದ ಮನೆಯಿಂದ ಬಂದವನು, ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಯಾವುದೋ ಒಂದು ಮತದ ಸ್ತುತಿಯನ್ನು ಹೇಳಿಸಲಾಗುತ್ತದೆ. ಸಾಲಿನಲ್ಲಿರುವ ಒಂದು ಮಗುವಿನ ಮನೆಯಲ್ಲಿ ಆ ಸ್ತುತಿಗೆ ಸ್ಥಳವಿಲ್ಲ. ಆ ಮಗುವಿನ ಮುಂದೆ ಮೂರೇ ದಾರಿಗಳು. ಮನಸ್ಸಿನಲ್ಲಿಲ್ಲದುದನ್ನು ತುಟಿಯಲ್ಲಿ ಹೇಳಬಹುದು. ಎಲ್ಲರ ಕಣ್ಣಿಗೂ ಬೀಳುವಂತೆ ಮೌನವಾಗಿ ನಿಲ್ಲಬಹುದು. ಇಲ್ಲವೇ ಸಾಲನ್ನು ಬಿಟ್ಟು ಆಚೆಗೆ ಹೋಗಬಹುದು. ಮೊದಲನೆಯದು ದೇವರ ಸನ್ನಿಧಿಯಲ್ಲಿಯೇ ಸುಳ್ಳಾಡುವ ಅಭ್ಯಾಸ. ಎರಡನೆಯದು ಒಂಟಿತನ. ಮೂರನೆಯದು ನೋಡುವವರ ಕಣ್ಣಿಗೆ ಶಿಕ್ಷೆ. ಎಂಟು ವರುಷದ ಮಗುವಿಗೆ ಇಂಥ ಆಯ್ಕೆಯನ್ನು ದಿನವೂ ಒಡ್ಡುವುದು ಧರ್ಮವೇ? ಉಳಿದ ಮಕ್ಕಳ ಭಕ್ತಿಯಾದರೂ ಇದರಿಂದ ಹೆಚ್ಚಿತೆಂದು ಹೇಳುವ ಹಾಗಿದೆಯೇ? ಈ ವಿಷಯವನ್ನು ಅಳೆಯಬೇಕಾದರೆ ಸಾಲಿನಲ್ಲಿ ಹಾಡುವ ತೊಂಬತ್ತೊಂಬತ್ತು ಮಕ್ಕಳನ್ನಲ್ಲ, ಹಾಡದೆ ನಿಂತ ಒಂದು ಮಗುವನ್ನು ನೋಡಬೇಕೆಂಬುದೇ ನಮ್ಮ ಅಭಿಪ್ರಾಯ.

ನಮ್ಮ ಸಂವಿಧಾನವೂ ಆ ಮಗುವನ್ನು ಮರೆತಿಲ್ಲ. ಅದರ 28ನೆಯ ಅನುಚ್ಛೇದದಲ್ಲಿ ಮೂರು ಮಾತುಗಳಿವೆ. ಸಂಪೂರ್ಣವಾಗಿ ಸರಕಾರದ ಹಣದಿಂದಲೇ ನಡೆಯುವ ಯಾವ ವಿದ್ಯಾಸಂಸ್ಥೆಯಲ್ಲಿಯೂ ಧಾರ್ಮಿಕ ಬೋಧನೆ ಕೂಡದೆಂಬುದು ಮೊದಲನೆಯದು. ಧಾರ್ಮಿಕ ಬೋಧನೆಯಾಗಲೇಬೇಕೆಂಬ ಕಟ್ಟಳೆಯುಳ್ಳ ದತ್ತಿಯಿಂದ ಅಥವಾ ನ್ಯಾಸದಿಂದ ಸ್ಥಾಪಿತವಾಗಿ, ಆಡಳಿತ ಮಾತ್ರ ಸರಕಾರದ ಕೈಯಲ್ಲಿರುವ ಸಂಸ್ಥೆಗೆ ಈ ನಿಷೇಧವು ತಗಲದೆಂಬುದು ಎರಡನೆಯದು. ಮೂರನೆಯದು ಗೃಹಸ್ಥರಿಗೆ ನೇರವಾಗಿ ಸಂಬಂಧಪಟ್ಟದ್ದು. ಸರಕಾರದ ಮನ್ನಣೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಯಾವ ಸಂಸ್ಥೆಯಲ್ಲಿಯೂ ಒಬ್ಬ ವಿದ್ಯಾರ್ಥಿಯನ್ನು ಧಾರ್ಮಿಕ ಬೋಧನೆಯಲ್ಲಿ ಭಾಗಿಯಾಗೆಂದಾಗಲಿ ಅಲ್ಲಿ ನಡೆಯುವ ಪೂಜೆಗೆ ಹಾಜರಾಗೆಂದಾಗಲಿ ಒತ್ತಾಯಪಡಿಸಕೂಡದು. ಆತನು ಸಮ್ಮತಿಸಿದ್ದರೆ, ಆತನು ಅಪ್ರಾಪ್ತವಯಸ್ಕನಾದ ಪಕ್ಷದಲ್ಲಿ ಆತನ ಪೋಷಕರು ಸಮ್ಮತಿಸಿದ್ದರೆ, ಆ ಮಾತು ಬೇರೆ. ಮಠಗಳ ಶಾಲೆಗಳಾಗಲಿ, ಚರ್ಚುಗಳ ಶಾಲೆಗಳಾಗಲಿ, ಮುಸಲ್ಮಾನರ ಸಂಘಗಳು ನಡೆಸುವ ಶಾಲೆಗಳಾಗಲಿ, ಮನ್ನಣೆ ಪಡೆದ ಮೇಲೆ ಎಲ್ಲಕ್ಕೂ ಈ ಕಟ್ಟು ಒಂದೇ.

ಇಲ್ಲಿ ಒಂದು ಸೂಕ್ಷ್ಮವುಂಟು. ಇಂಗ್ಲೆಂಡಿನ ಕಾನೂನಿನೊಡನೆ ಹೋಲಿಸಿದರೆ ಅದು ಸ್ಪಷ್ಟವಾಗುವುದು. ಆ ದೇಶದ 1870ರ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು, ಧಾರ್ಮಿಕ ಆಚರಣೆಯೇನಿದ್ದರೂ ಶಾಲೆಯ ಹೊತ್ತಿನ ಮೊದಲಲ್ಲಿ ಅಥವಾ ಕೊನೆಯಲ್ಲಿ ಮಾತ್ರ ನಡೆಯತಕ್ಕದ್ದೆಂದೂ, ಬೇಡವೆಂದ ತಂದೆತಾಯಿಗಳು ಮಗುವನ್ನು ಅದರಿಂದ ಬಿಡಿಸಿಕೊಳ್ಳಬಹುದೆಂದೂ ವಿಧಿಸಿತು. ಮುಂದೆ 1944ರ ಶಾಸನವು ಶಾಲೆಯ ದಿನವು ಸಾಮೂಹಿಕ ಪ್ರಾರ್ಥನೆಯಿಂದಲೇ ತೊಡಗಬೇಕೆಂದು ಕಡ್ಡಾಯ ಮಾಡಿ, ಮಗುವನ್ನು ಬಿಡಿಸಿಕೊಳ್ಳುವ ಹಕ್ಕನ್ನು ಪೋಷಕರಿಗೆ ಹಾಗೆಯೇ ಉಳಿಸಿತು. ಎಂದರೆ ಅಲ್ಲಿ ಬೇಡವೆಂಬವನು ಬಾಯಿ ಬಿಡಬೇಕು; ಸುಮ್ಮನಿದ್ದವನು ಒಪ್ಪಿದಂತೆ. ನಮ್ಮ ಸಂವಿಧಾನವು ಇದನ್ನು ತಿರುಗಿಸಿತು. ಇಲ್ಲಿ ಸಮ್ಮತಿಯು ಮೊದಲು ಬರಬೇಕು, ಸುಮ್ಮನಿದ್ದವನು ಒಪ್ಪಿದಂತಲ್ಲ. ಬೇಡವೆನ್ನುವ ಭಾರವನ್ನು ದುರ್ಬಲನ ಹೆಗಲಿನಿಂದಿಳಿಸಿ, ಕೇಳುವ ಭಾರವನ್ನು ಶಾಲೆಯ ಹೆಗಲಿಗೇರಿಸಿದ್ದಾರೆ. ಎಂಥ ವಿವೇಕದ ಕಟ್ಟಳೆ! ಆದರೆ ಕೇಳುವ ಪದ್ಧತಿಯೇ ಇಲ್ಲದಲ್ಲಿ ಈ ವಿವೇಕವು ಪುಸ್ತಕದಲ್ಲಿಯೇ ಉಳಿಯುವುದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಈ ಕಟ್ಟಳೆಯ ಬೇರು ನಮ್ಮ ಅನುಭವದಲ್ಲಿಯೇ ಇದೆ. ಬ್ರಿಟಿಷರ ಆಳಿಕೆಯಲ್ಲಿ ಹೊರಟ 1854ರ ವಿದ್ಯಾಭ್ಯಾಸದ ಆಜ್ಞಾಪತ್ರವು, ಸರಕಾರದ ಶಾಲೆಗಳಲ್ಲಿ ಮತಬೋಧನೆ ಇರಕೂಡದೆಂದು ಹೇಳಿತು. ಬೈಬಲು ಪುಸ್ತಕಭಂಡಾರದಲ್ಲಿದ್ದರೆ ಇಷ್ಟವುಳ್ಳವರು ಓದಿಕೊಳ್ಳಲಿ, ಸಂಶಯಗಳಿದ್ದರೆ ಶಾಲೆಯ ಹೊತ್ತು ಕಳೆದ ಮೇಲೆ ಉಪಾಧ್ಯಾಯರನ್ನು ಕೇಳಲಿ ಎಂದಿತು. ಆದರೆ ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಂಥ ಊರುಗಳಲ್ಲಿ ಮಿಶನರಿಗಳು ನಡೆಸಿದ ಶಾಲೆಗಳಲ್ಲಿ ಬೈಬಲಿನ ಪಾಠವೂ ಒಂದು ಪಾಠವಾಗಿತ್ತು. ಆ ಶಾಲೆಗಳು ಕನ್ನಡ ನಾಡಿಗೆ ಮಾಡಿದ ಉಪಕಾರವು ದೊಡ್ಡದು. ಅದನ್ನು ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೂ ಇಂಗ್ಲಿಷ್ ವಿದ್ಯೆಗಾಗಿ ಮಗನನ್ನು ಕಳುಹಿಸಿದ ಗೃಹಸ್ಥನಿಗೆ ಆ ಒಂದು ಪಾಠದ ವಿಷಯದಲ್ಲಿ ಒಳಗೊಳಗೇ ಅಳುಕಿರುತ್ತಿತ್ತು. ಧನಸಹಾಯ ಪಡೆದ ಶಾಲೆಗಳಲ್ಲಿ ಮನಸ್ಸಾಕ್ಷಿಗೆ ರಕ್ಷಣೆ ಬೇಕೆಂಬ ಕೂಗನ್ನು ಈ ದೇಶದಲ್ಲಿ ಎತ್ತಿದವರಲ್ಲಿ ಹಿಂದೂ ಗೃಹಸ್ಥರೂ ಇದ್ದರು. ಇಂದು ಸಾಲಿನಲ್ಲಿ ಮೌನವಾಗಿ ನಿಂತ ಮಗುವನ್ನು ಕಂಡು ಬೇಸರಪಡುವವರು, ತಮ್ಮ ಹಿರಿಯರೂ ಒಂದು ಕಾಲಕ್ಕೆ ಅದೇ ಸ್ಥಳದಲ್ಲಿ ನಿಂತಿದ್ದರೆಂಬುದನ್ನು ಮರೆಯಬಾರದು.

ಸಂವಿಧಾನ ಸಭೆಯಲ್ಲಿ 1948ನೆಯ ಇಸವಿ ಡಿಸೆಂಬರ್ 7ರಂದು ಈ ಅನುಚ್ಛೇದದ ಚರ್ಚೆ ನಡೆಯಿತು. ಸರಕಾರದ ಶಾಲೆಗಳಲ್ಲಿ ಮತಬೋಧನೆ ಏಕೆ ಬೇಡವೆಂಬುದಕ್ಕೆ ಡಾಕ್ಟರ್ ಅಂಬೇಡ್ಕರರು ಮೂರು ಕಾರಣಗಳನ್ನು ಕೊಟ್ಟರು. ಎಲ್ಲರಿಂದ ಎತ್ತಿದ ತೆರಿಗೆಯ ಹಣವನ್ನು ಒಂದು ಮತದ ಪ್ರಯೋಜನಕ್ಕೆ ವೆಚ್ಚ ಮಾಡುವುದು ಸರಿಯಲ್ಲ. ಮತಗಳು ಅನೇಕವಾಗಿರುವ ಈ ದೇಶದಲ್ಲಿ ಒಂದೇ ಶಾಲೆಯೊಳಗೆ ಅಷ್ಟನ್ನೂ ಬೋಧಿಸುವುದು ಸಾಧ್ಯವಲ್ಲ. ಪ್ರತಿಯೊಂದು ಮತವೂ ಮೋಕ್ಷಕ್ಕೆ ತನ್ನದೇ ಸರಿಯಾದ ದಾರಿ, ಮಿಕ್ಕವೆಲ್ಲ ತಪ್ಪೆಂದು ಸಾಧಿಸುವಾಗ ಅವುಗಳನ್ನು ಒಂದೆಡೆ ಬೋಧಿಸಹೊರಟರೆ ಶಾಲೆಯ ಶಾಂತಿ ಕದಡುವುದು. ಸಂಸ್ಕೃತ ಪಾಠಶಾಲೆಗಳ ಗತಿಯೇನೆಂಬ ಸಂಶಯವು ಅದೇ ಸಭೆಯಲ್ಲಿ ಬಂದಾಗ, ಮತಬೋಧನೆ ಬೇರೆ, ಶಾಸ್ತ್ರಗಳ ಅಧ್ಯಯನ ಬೇರೆ ಎಂದು ಅವರು ಬಿಡಿಸಿ ಹೇಳಿದರು. ಈ ಕೊನೆಯ ಭೇದವು ಮುಖ್ಯವಾದುದು. ಮುಂದೆ ಅದಕ್ಕೆ ಬರುವೆವು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುವುದು. "ಬೇಡದವರಿಗೆ ವಿನಾಯಿತಿ ಕೊಟ್ಟರಾಯಿತಲ್ಲ, ಮಿಕ್ಕವರ ಪ್ರಾರ್ಥನೆಗೇಕೆ ಅಡ್ಡಿ?" ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವವು ಒಳ್ಳೆಯ ಉತ್ತರ. ಪಾಠಶಾಲೆಯ ಪ್ರಾರ್ಥನೆಗಾಗಿ ಅಷ್ಟು ದೀರ್ಘಕಾಲ ವಾದಿಸಿದ ದೇಶಗಳು ಅಪೂರ್ವ. ಅಲ್ಲಿಯ ಫಿಲಡೆಲ್ಫಿಯಾ ನಗರದಲ್ಲಿ, ಪ್ರೊಟೆಸ್ಟಂಟರು ಒಪ್ಪಿದ ಬೈಬಲಿನ ಪಾಠವನ್ನು ಕ್ಯಾಥೊಲಿಕ್ ಮಕ್ಕಳಿಗೂ ಓದಿಸಬೇಕೇ ಎಂಬ ವಿವಾದವು ಬೆಳೆದು 1844ರಲ್ಲಿ ದೊಂಬಿಯಾಗಿ, ಚರ್ಚುಗಳು ಸುಟ್ಟವು, ಜೀವಗಳು ಹೋದವು. ದೇವರೊಬ್ಬನೇ, ಕ್ರಿಸ್ತನೊಬ್ಬನೇ, ಭಾಷಾಂತರ ಮಾತ್ರ ಎರಡು, ಅಷ್ಟಕ್ಕೇ ಇಷ್ಟು!

ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಧಿಕಾರಿಗಳು 1951ರಲ್ಲಿ ಯಾರಿಗೂ ನೋವಾಗದಂಥ ಒಂದು ಪ್ರಾರ್ಥನೆಯನ್ನು ತಾವೇ ರಚಿಸಿದರು. ಇಂಗ್ಲಿಷಿನಲ್ಲಿ ಅದು 22 ಶಬ್ದಗಳದು. ಕ್ರಿಸ್ತನ ಹೆಸರೂ ಅದರಲ್ಲಿಲ್ಲ. ಬೇಡದ ಮಗು ಸುಮ್ಮನಿರಬಹುದು ಅಥವಾ ಹೊರಗೆ ಹೋಗಬಹುದೆಂಬ ವಿನಾಯಿತಿಯೂ ಇತ್ತು. ಆದರೂ ಕೆಲವರು ಪೋಷಕರು ನ್ಯಾಯಾಲಯಕ್ಕೆ ಹೋದರು. 1962ನೆಯ ಇಸವಿ ಜೂನ್ 25ರಂದು ಆ ದೇಶದ ಸುಪ್ರೀಂ ಕೋರ್ಟು ಅವರ ಪಕ್ಷಕ್ಕೆ ತೀರ್ಪು ಕೊಟ್ಟಿತು. ಆರು ಮಂದಿ ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಪ್ರಜೆಗಳು ಹೇಳಬೇಕಾದ ಪ್ರಾರ್ಥನೆಯನ್ನು ರಚಿಸುವುದು ಸರಕಾರದ ಕೆಲಸವೇ ಅಲ್ಲವೆಂಬುದು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕರು ಬರೆದ ತೀರ್ಪಿನ ಸಾರ. ಸರಕಾರದ ಹೆಸರೂ ಬಲವೂ ಒಂದು ನಂಬಿಕೆಯ ಬೆನ್ನಿಗೆ ನಿಂತಿತೆಂದರೆ, ಬೆತ್ತವನ್ನು ತೋರಿಸದೆಯೇ ಅಲ್ಪಸಂಖ್ಯಾಕರ ಮೇಲೆ ಒತ್ತಡ ಬೀಳುವುದೆಂದು ಅವರು ಕಾಣಿಸಿದರು.

ಮಾರನೆಯ ವರುಷ ಬಂದ ಇನ್ನೊಂದು ವ್ಯಾಜ್ಯವು ಇದಕ್ಕಿಂತಲೂ ಮನಸ್ಸಿಗೆ ತಟ್ಟುವಂಥದು. ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ದಿನವೂ ಬೈಬಲಿನ ಹತ್ತು ವಚನಗಳನ್ನು ಓದಬೇಕೆಂಬ ಕಾನೂನಿತ್ತು. ಪೋಷಕರು ಬರೆದುಕೊಟ್ಟರೆ ಮಗುವಿಗೆ ವಿನಾಯಿತಿಯೂ ಇತ್ತು. ಮೊಕದ್ದಮೆ ಹೂಡಿದ ತಂದೆಯು ಆ ವಿನಾಯಿತಿಯನ್ನು ಏಕೆ ಕೇಳಲಿಲ್ಲವೆಂಬುದಕ್ಕೆ ನ್ಯಾಯಾಲಯದಲ್ಲಿ ಕಾರಣ ಹೇಳಿದನು. ಕೇಳಿದ್ದರೆ ಉಪಾಧ್ಯಾಯರೂ ಸಹಪಾಠಿಗಳೂ ಮಕ್ಕಳನ್ನು ವಿಚಿತ್ರರಂತೆ ನೋಡುತ್ತಿದ್ದರು. ಓದು ಮುಗಿಯುವವರೆಗೆ ಮಕ್ಕಳು ಕೊಠಡಿಯ ಹೊರಗೆ ನಿಲ್ಲಬೇಕಾಗುತ್ತಿತ್ತು. ಆ ಶಾಲೆಯಲ್ಲಿ ಹೊರಗೆ ನಿಲ್ಲುವುದೆಂದರೆ ತಪ್ಪು ಮಾಡಿದ್ದಕ್ಕೆ ಶಿಕ್ಷೆ. ಪ್ರಾರ್ಥನೆಯ ಬೆನ್ನಿಗೇ ಓದುವ ಶಾಲೆಯ ಪ್ರಕಟಣೆಗಳೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಎಷ್ಟು ಸಣ್ಣ ಸಂಗತಿಗಳು! ಆದರೆ ಮಗುವಿನ ಲೋಕವು ಇಂಥ ಸಣ್ಣ ಸಂಗತಿಗಳಿಂದಲೇ ಕಟ್ಟಿದ್ದು. ಕಾಗದದ ಮೇಲಿನ ವಿನಾಯಿತಿಗೂ ಅಂಗಳದಲ್ಲಿನ ವಿನಾಯಿತಿಗೂ ಎಷ್ಟು ಅಂತರವೆಂಬುದನ್ನು ಆ ತಂದೆಯ ಹೇಳಿಕೆಯು ತಿಳಿಸುವುದು. 1963ನೆಯ ಇಸವಿ ಜೂನ್ 17ರಂದು ನ್ಯಾಯಾಲಯವು ಆ ಕಡ್ಡಾಯದ ಪಠನವನ್ನು ತೆಗೆದುಹಾಕಿತು. ಬೈಬಲನ್ನು ಸಾಹಿತ್ಯವೆಂದೂ ಇತಿಹಾಸವೆಂದೂ ಅಭ್ಯಾಸ ಮಾಡುವುದಕ್ಕೆ ತಡೆಯಿಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಿತು. ಮಗುವು ತನ್ನಷ್ಟಕ್ಕೆ ಪರೀಕ್ಷೆಗೆ ಮೊದಲು ದೇವರನ್ನು ನೆನೆಯುವುದಕ್ಕೆ ಈ ತೀರ್ಪುಗಳು ಅಡ್ಡಬಂದಿಲ್ಲ. ಅವು ತಡೆದದ್ದು ಸರಕಾರವನ್ನು, ಭಕ್ತನನ್ನಲ್ಲ.

ನಮ್ಮ ನೆರೆಯ ಕೇರಳದಲ್ಲಿಯೇ ಇಂಥದೊಂದು ಸಂಗತಿ ನಡೆಯಿತು. ಅಲ್ಲಿ ಪ್ರಶ್ನೆ ಪ್ರಾರ್ಥನೆಯದಲ್ಲ, ರಾಷ್ಟ್ರಗೀತೆಯದು. ಆದರೆ ಮನಸ್ಸಾಕ್ಷಿಯ ಪ್ರಶ್ನೆ ಅದೇ. ಹತ್ತು, ಒಂಬತ್ತು, ಐದನೆಯ ತರಗತಿಗಳಲ್ಲಿ ಓದುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಅವರು ರಾಷ್ಟ್ರಗೀತೆಯಾಗುವಾಗ ಗೌರವದಿಂದ ಎದ್ದು ನಿಲ್ಲುವರು, ಆದರೆ ಹಾಡರು. ತಮ್ಮ ದೇವರಿಗಲ್ಲದೆ ಬೇರೆಯದಕ್ಕೆ ಹಾಡುವುದು ಅವರ ನಂಬಿಕೆಗೆ ಕೂಡದು. ಇದು ಬಹುಕಾಲ ಯಾರಿಗೂ ತೊಡಕಾಗಿರಲಿಲ್ಲ. 1985ರ ಜುಲೈಯಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿದ್ದು ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು, ವಿಚಾರಣೆಯಾಯಿತು. ಮಕ್ಕಳು ಒಳ್ಳೆಯ ನಡತೆಯವರು, ಗೀತೆಗೆ ಅಗೌರವ ತೋರಿಸಿಲ್ಲವೆಂದು ವಿಚಾರಣೆಯ ವರದಿಯೇ ಹೇಳಿತು. ಆದರೂ ಮೇಲಧಿಕಾರಿಯ ಸೂಚನೆಯಂತೆ ಆ ತಿಂಗಳ 26ರಂದು ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟಿನಲ್ಲಿ ನ್ಯಾಯ ಸಿಕ್ಕಲಿಲ್ಲ. 1986ನೆಯ ಇಸವಿ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ದತ್ತ ಅವರು ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತರು. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಎದ್ದು ನಿಂತವನು ಗೌರವವನ್ನು ತೋರಿಸಿಯೇ ಇದ್ದಾನೆ. ಒಬ್ಬನ ನಂಬಿಕೆ ನಮಗೆ ಯುಕ್ತವಾಗಿ ತೋರುವುದೇ ಎಂಬುದಲ್ಲ, ಆತನು ಅದನ್ನು ನಿಜವಾಗಿ ನಂಬಿದ್ದಾನೆಯೇ ಎಂಬುದೇ ಪ್ರಶ್ನೆ. ಎಂಬುದು ಅವರ ವಿಚಾರಸರಣಿ. ಸಹನೆಯು ಈ ನಾಡಿನ ಪರಂಪರೆ, ಅದನ್ನು ತೆಳ್ಳಗೆ ಮಾಡುವುದು ಬೇಡವೆಂಬ ಅರ್ಥದ ಮಾತಿನಿಂದ ತೀರ್ಪು ಮುಗಿಯಿತು.

ಎಲ್ಲ ಪ್ರಶ್ನೆಗಳೂ ಹೀಗೆ ಬಗೆಹರಿದಿವೆಯೆಂದು ನಾವು ಹೇಳುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯಲ್ಲಿ ಉಪನಿಷತ್ತಿನ ಮಂತ್ರವಿರುವುದು ಸರಿಯೇ ಎಂಬ ವಿಚಾರವು ಸುಪ್ರೀಂ ಕೋರ್ಟಿಗೆ ಹೋಗಿ, 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಸಂವಿಧಾನ ಪೀಠವೇ ವಿಚಾರಿಸತಕ್ಕದ್ದೆಂದರು. ಮತಾತೀತವಾದ ಸದ್ಭಾವನೆಯೆಂದು ಒಬ್ಬರಿಗೆ ತೋರುವುದು ಇನ್ನೊಬ್ಬರಿಗೆ ಒಂದು ಮತದ ಮಂತ್ರವಾಗಿಯೇ ಕೇಳಿಸುವುದು. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಉಡುಪಿಯಿಂದ ಮೊದಲಾದ ಹಿಜಾಬಿನ ವಿವಾದವನ್ನು ವಾಚಕರು ಮರೆತಿರಲಾರರು. ಆ ವರುಷದ ಮಾರ್ಚ್ 15ರಂದು ಹೈಕೋರ್ಟು ಸರಕಾರದ ಸಮವಸ್ತ್ರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟದ್ದರಿಂದ ವಿಷಯವು ದೊಡ್ಡ ಪೀಠಕ್ಕೆ ಹೋಯಿತು. ಇಲ್ಲಿ ಪ್ರಶ್ನೆಯ ಬಗೆ ಬೇರೆ. ಶಾಲೆಯು ಮಗುವಿನಿಂದ ಮಾಡಿಸುವುದು ಒಂದು. ಮಗುವು ತನ್ನ ಮನೆಯಿಂದ ಹೊತ್ತು ತರುವುದು ಇನ್ನೊಂದು. ಹಣೆಯ ವಿಭೂತಿ, ಕೊರಳ ಶಿಲುಬೆ, ತಲೆಯ ಪೇಟ, ತಲೆಯ ವಸ್ತ್ರ, ಇವು ಎರಡನೆಯ ಬಗೆಯವು. ಇವುಗಳಿಗೆ ಎಲ್ಲಿಯ ಮಟ್ಟಿಗೆ ಎಡೆಯೆಂಬುದರಲ್ಲಿ ಪ್ರಾಜ್ಞರೇ ಭಿನ್ನಾಭಿಪ್ರಾಯವುಳ್ಳವರು. ಆದರೆ ಯಾವ ತೀರ್ಪು ಬಂದರೂ, ಒಂದು ಹುಡುಗಿ ಓದನ್ನು ಬಿಟ್ಟು ಮನೆಯಲ್ಲಿ ಕುಳಿತರೆ ಗೆದ್ದವರು ಯಾರೂ ಅಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿರಬಾರದು.

"ಪ್ರಾರ್ಥನೆಯನ್ನು ಬಿಡಿಸಿದರೆ ಮಕ್ಕಳಿಗೆ ನೀತಿಯನ್ನು ಕಲಿಸುವುದು ಹೇಗೆ?" ಇದು ಹಿರಿಯರ ಪ್ರಾಮಾಣಿಕವಾದ ಚಿಂತೆ. ಅದಕ್ಕೆ ಉತ್ತರವು ಹಿಂದೆ ಹೇಳಿದ ಭೇದದಲ್ಲಿದೆ. ಮತವನ್ನು ಬೋಧಿಸುವುದು ಬೇರೆ, ಮತಗಳ ವಿಷಯವನ್ನು ತಿಳಿಸುವುದು ಬೇರೆ. ಪಂಜಾಬಿನ ವಿಶ್ವವಿದ್ಯಾನಿಲಯವೊಂದರಲ್ಲಿ ಗುರು ನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನವು ಮತಬೋಧನೆಯಾಗದೆಂದು ಸುಪ್ರೀಂ ಕೋರ್ಟು 1971ರಲ್ಲಿಯೇ ಹೇಳಿದೆ. 2002ನೆಯ ಇಸವಿ ಸೆಪ್ಟೆಂಬರ್ 12ರ ತೀರ್ಪಿನಲ್ಲಿ, ಎಲ್ಲ ಮತಗಳ ಮೂಲತತ್ತ್ವಗಳನ್ನು ಮಕ್ಕಳಿಗೆ ಪರಿಚಯ ಮಾಡಿಸುವುದು 28ನೆಯ ಅನುಚ್ಛೇದಕ್ಕೆ ವಿರೋಧವಲ್ಲವೆಂದಿದೆ. ಬಸವಣ್ಣನವರ ವಚನಗಳನ್ನೂ ಪುರಂದರದಾಸರ ಕೀರ್ತನೆಗಳನ್ನೂ ಶಿಶುನಾಳ ಷರೀಫರ ಪದಗಳನ್ನೂ ಬುದ್ಧ ಮಹಾವೀರರ ಚರಿತ್ರೆಗಳನ್ನೂ ಕನ್ನಡದ ಪಾಠವಾಗಿ ಓದದೆ ಇರುವ ಮಗುವು ಕನ್ನಡವನ್ನೇ ಅರ್ಧ ಓದಿದಂತೆ. ಅವನ್ನು ಓದಲಿ, ಅರ್ಥವನ್ನು ಕೇಳಲಿ, ಒಪ್ಪದೆ ಇದ್ದರೆ ಪ್ರಶ್ನಿಸಲಿ. ಪಾಠದಲ್ಲಿ ಪ್ರಶ್ನೆಗೆ ಸ್ಥಳವುಂಟು, ಪೂಜೆಯಲ್ಲಿ ಇಲ್ಲ. ಇವೆರಡಕ್ಕೂ ಇರುವ ಗುರುತು ಇದೇ. ಇನ್ನು ಸುಳ್ಳಾಡಬಾರದು, ದುರ್ಬಲನನ್ನು ಹೊಡೆಯಬಾರದು, ಹಂಚಿಕೊಂಡು ತಿನ್ನಬೇಕು ಎಂಬ ನೀತಿಗಳನ್ನು ಯಾವ ಮತದ ಮಗುವೂ ಬೇಡವೆನ್ನದು.

ಈಗ ಗೃಹಸ್ಥರು ಮಾಡಬಹುದಾದ ಕೆಲಸಗಳನ್ನು ಕುರಿತು ಎರಡು ಮಾತು. ಮೊದಲನೆಯದಾಗಿ, ಶಾಲೆ ತೆರೆದ ವಾರದಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು, ಬೆಳಗಿನ ಸಭೆಯಲ್ಲಿ ಏನೇನು ಹೇಳಿಸುವಿರಿ, ಹಬ್ಬದ ದಿನಗಳಲ್ಲಿ ಯಾವ ಪೂಜೆ ನಡೆಯುವುದು, ಇಷ್ಟವಿಲ್ಲದ ಮಗು ಆಗ ಎಲ್ಲಿರುವುದು ಎಂದು ನಯವಾಗಿ ವಿಚಾರಿಸಬಹುದು. ಜಗಳದ ಧ್ವನಿ ಬೇಕಿಲ್ಲ. ಹಕ್ಕನ್ನು ಗಟ್ಟಿಯಾಗಿ ಕೇಳಿದರೇ ಹಕ್ಕಾಗುವುದೆಂಬ ನಿಯಮವಿಲ್ಲ. ಎಷ್ಟೋ ಮಂದಿ ಉಪಾಧ್ಯಾಯರು ಈ ವಿಷಯವನ್ನು ಯೋಚಿಸಿರುವುದಿಲ್ಲ. ಕೇಳಿದರೆ ಸಂತೋಷದಿಂದಲೇ ಅನುಕೂಲ ಮಾಡಿಕೊಡುವರು. ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿರುವ ಪೋಷಕರಾದರೆ ಪ್ರವೇಶದ ಕಾಗದದ ಜೊತೆಯಲ್ಲಿ ಸಮ್ಮತಿಯ ಪತ್ರವೊಂದನ್ನೂ ಇಡಬೇಕೆಂದು ಸೂಚಿಸಬಹುದು. ಮತಸಂಸ್ಥೆಗಳ ಶಾಲೆಗಳಲ್ಲಿ ಇದು ವಿಶೇಷವಾಗಿ ಅವಶ್ಯ. ಬಹುಮತದವರಾದ ಪೋಷಕರು ಈ ಸೂಚನೆಯನ್ನು ಮಾಡಿದರೆ ಇನ್ನೂ ಉತ್ತಮ; ಅಲ್ಪಸಂಖ್ಯಾಕನು ಕೇಳಿದರೆ ದೂರೆನಿಸುವ ಮಾತು ಅವರು ಕೇಳಿದರೆ ಸೌಜನ್ಯವೆನಿಸುವುದು.

ಎರಡನೆಯದು ಮನೆಯೊಳಗಿನ ಕೆಲಸ. ಅದು ಯಾವ ನ್ಯಾಯಾಲಯದ ಕೈಗೂ ನಿಲುಕದ್ದು. ಮಗುವಿಗೆ ಪ್ರಾರ್ಥನೆ ಬೇಕೆನಿಸಿದರೆ ಅದನ್ನು ಮನೆಯಲ್ಲಿ ಕಲಿಸಬೇಕು. ಶಾಲೆಯು ಕಲಿಸಲಿಲ್ಲವೆಂದು ದೂರುವ ಎಷ್ಟು ಮನೆಗಳಲ್ಲಿ ತಂದೆಯು ಮಗುವಿನೊಡನೆ ಐದು ನಿಮಿಷ ಕುಳಿತು ಕಣ್ಣು ಮುಚ್ಚುತ್ತಾನೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಿಜ. ಆದರೆ ಗಿಡವನ್ನು ಬಗ್ಗಿಸುವ ಭಾರವನ್ನು ನೆರೆಯವನ ಮೇಲೆ ಹೊರಿಸಲಾಗದು. ತಾಯಿಯು ಅರ್ಥ ಹೇಳಿ ಕಲಿಸಿದ ಒಂದು ಸ್ತುತಿಯು ಸಾಲಿನಲ್ಲಿ ನಿಂತು ಅರಚಿದ ಹತ್ತು ಸ್ತುತಿಗಳಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುವುದು. ದೇವರನ್ನು ನಂಬದ ಮನೆಯವರೂ ತಾವು ಏಕೆ ನಂಬುವುದಿಲ್ಲ, ಏನನ್ನು ನಂಬುತ್ತೇವೆ ಎಂಬುದನ್ನು ಮಗುವಿಗೆ ಸಮಾಧಾನದಿಂದ ಹೇಳಿಕೊಡಲಿ. ಇನ್ನೊಬ್ಬನ ಭಕ್ತಿಯನ್ನು ನೋಡಿ ನಗುವುದನ್ನು ಮಾತ್ರ ಕಲಿಸದಿರಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಮಕ್ಕಳು ಸಂಜೆ ಮನೆಗೆ ಬಂದು, ಇಂಥವನು ಪ್ರಾರ್ಥನೆಯಲ್ಲಿ ಬಾಯಿ ತೆರೆಯಲಿಲ್ಲ, ಇಂಥವಳು ಪ್ರಸಾದವನ್ನು ಮುಟ್ಟಲಿಲ್ಲ ಎಂದು ಹೇಳುವುದುಂಟು. ಆಗ ಹಿರಿಯರು ಏನು ಹೇಳುವರೆಂಬುದರ ಮೇಲೆ ಬಹಳಷ್ಟು ನಿಂತಿದೆ. "ಅಂಥವರ ಜೊತೆ ಸೇರಬೇಡ" ಎಂದರೆ ಮುಗಿಯಿತು. ಸಂವಿಧಾನದ ಯಾವ ಅನುಚ್ಛೇದವೂ ಆ ಮಗುವಿನ ಒಂಟಿತನವನ್ನು ಕಳೆಯಲಾರದು. "ಅವರ ಮನೆಯಲ್ಲಿ ಬೇರೆ ರೀತಿ ಪ್ರಾರ್ಥಿಸುತ್ತಾರೆ, ನಾಳೆ ನೀನು ಅವಳ ಪಕ್ಕದಲ್ಲಿಯೇ ನಿಲ್ಲು" ಎಂದರೆ, ಆ ದಿನದ ಧಾರ್ಮಿಕ ಬೋಧನೆ ಪೂರ್ತಿಯಾಯಿತು. ಅದಕ್ಕೆ ಸರಕಾರದ ಅಪ್ಪಣೆ ಬೇಡ, ಯಾರ ರುಜುವೂ ಬೇಡ. ಈ ವರುಷ ಪ್ರವೇಶಪತ್ರಕ್ಕೆ ರುಜು ಹಾಕುವ ಪ್ರತಿಯೊಬ್ಬ ಗೃಹಸ್ಥರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ.